ರಾಹುಕಾಲಕ್ಕೆ ಮುಂಚೆ ಮುಗಿದ ಡಬ್ಬಿ

ಬುಧವಾರ ಹನ್ನೆರಡಕ್ಕೆ ರಾಹುಕಾಲ ಶುರುವಾಗುತ್ತದೆ ಎಂದು ಚಿಕ್ಕಬೈರಪ್ಪನವರಿಗೆ ಗೊತ್ತಿತ್ತು. ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಇವರಿಬ್ಬರ ನಡುವೆ ಸಿಕ್ಕಿಬಿದ್ದವಳು ರಮ್ಯ.

ತಲಘಟ್ಟಪುರದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಚಿಕ್ಕಬೈರಪ್ಪ ಪಾತ್ರೆ ಕಾರ್ಖಾನೆ ಹಾಕಿದ್ದರು. ಹೋಟೆಲಿನವರು ಚಟ್ನಿ ಇಡುವ ಚೌಕ ಸ್ಟೀಲ್ ಡಬ್ಬಿಗೆ ಉಕ್ಕಿನಲ್ಲಿ ಹೊಸ ಅಚ್ಚು, ಅಂದರೆ ಡೈ, ಕೊರೆಸಬೇಕಿತ್ತು. ಆ ಡೈಯೊಳಗೆ ತಗಡನ್ನು ಒತ್ತಿದರೆ ಮೂಲೆ ಹರಿಯುತ್ತದೋ ಇಲ್ಲವೋ ಎಂದು ಮೊದಲೇ ಕಂಪ್ಯೂಟರಿನಲ್ಲಿ ಒತ್ತಿ ನೋಡಿ ಹೇಳುವುದು ರಮ್ಯಳ ಕೆಲಸ. ಅವಳ ಜೆ.ಪಿ. ನಗರದ ಆಫೀಸಿನ ಯಜಮಾನ ರವಿಕುಮಾರ್ ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವರಲ್ಲ. ಬುಧವಾರ ರಾಹುಕಾಲಕ್ಕೆ ಮುಂಚೆ ಡೈ ಕೊರೆಯುವ ಮಷಿನ್‌ಗೆ ಪೂಜೆ; ಅಷ್ಟರೊಳಗೆ ರಿಪೋರ್ಟ್ ಕೊಡುತ್ತೇವೆ ಎಂದು ಮಾತು ಕೊಟ್ಟು ಆರಾಮಾಗಿ ಕಾಫಿ ಕುಡಿದರು.

ಲೆಕ್ಕ ಮಾತ್ರ ಮುಗಿಯಲೊಲ್ಲದು. ಕಂಪ್ಯೂಟರ್ ತಗಡನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿಕೊಂಡು ಒಂದೊಂದನ್ನೂ ಬಾಗಿಸಿ, ಎಳೆದು ನೋಡುತ್ತದೆ. ಮೂಲೆಗೆ ಬಂತೋ, ಚೌಕಗಳು ತಿರುಚಿಕೊಂಡು ಲೆಕ್ಕ ಅಲ್ಲೇ ನಿಲ್ಲುತ್ತಿತ್ತು. ಚೌಕಗಳನ್ನು ಇನ್ನೂ ಚಿಕ್ಕದು ಮಾಡಿದಳು, ನಿಧಾನಕ್ಕೆ ಒತ್ತಿ ನೋಡಿದಳು. ಅದೇ ಮೂಲೆ, ಅದೇ ಕೆಂಪು ಅಕ್ಷರ. ಅವಳಿಗೆ ತಲೆ ಚಚ್ಚಿಕೊಳ್ಳುವ ಹಾಗಾಗಿತ್ತು.

ಬುಧವಾರ ಬೆಳಿಗ್ಗೆ ಪದ್ಮನಾಭನಗರದಿಂದ ಬಂದು ಸ್ಕೂಟರಿನ ಕೀಲಿ ಮೇಜಿನ ಮೇಲಿಡುವಷ್ಟರಲ್ಲಿ ಪಕ್ಕದ ಮನು ಹಲ್ಲು ಕಿರಿದ.

"ಮುಗೀತು ರಮ್ಯ. ಸಾರ್ ಆಗ್ಲೇ ರಿಪೋರ್ಟ್ ಕಳ್ಸಿದ್ರು."

ತೆರೆಯ ಮೇಲೆ ಡಬ್ಬಿ ಲಕಲಕ ಎನ್ನುತ್ತಿತ್ತು. ಎಳೆದಾಗ ಮೂಲೆಯ ತಗಡು ತೆಳ್ಳಗಾಗಬೇಕು. ಇಲ್ಲಿ ಅದು ಪೂರಿಯಂತೆ ಊದಿಕೊಂಡಿತ್ತು.

"ಲಾರ್ಜ್ ಡಿಫಾರ್ಮೇಶನ್ ಆಫ್ ಮಾಡಿದ್ಯಾ?"

"ಹೂಂ. ಅದ್ರಿಂದಾನೇ ನಿಲ್ತಾ ಇತ್ತು."

ತಗಡು ವಿಪರೀತ ಬಾಗುತ್ತದೆ, ಹುಷಾರು ಎಂದು ಕಂಪ್ಯೂಟರಿಗೆ ತಿಳಿಸುವ ಆಯ್ಕೆ ಅದು. ಅದನ್ನು ತೆಗೆದರೆ ಕೂದಲೆಳೆಯಷ್ಟು ಬಾಗಿದೆ ಎಂದುಕೊಂಡು ಸುಖವಾಗಿ ಲೆಕ್ಕ ಮುಗಿಸಿಬಿಡುತ್ತದೆ. ರಿಪೋರ್ಟಿನ ಕೊನೆಗೆ 'ಪರಿಶೀಲಿಸಿದವರು: ರಮ್ಯ' ಎಂದು ಬೇರೆ ಹಾಕಿದ್ದರು. ರಮ್ಯ ಎದ್ದು ಹೋಗಿ, ಈ ರಿಪೋರ್ಟ್ ತಪ್ಪು ಎಂದು ಯಜಮಾನರಿಗೆ ಹೇಳಿದಳು.

"ಪೂಜೆ ಮುಗೀಲಿ ಕಣಮ್ಮ," ಎಂದರು ರವಿಕುಮಾರ್. "ಆಮೇಲೆ ನಿಧಾನಕ್ಕೆ ಹೇಳೋಣ."

"ಪೂಜೆ ಆದ ತಕ್ಷಣ ಉಕ್ಕು ಕೊರೀತಾರೆ ಸಾರ್. ಕೊರೆದಿದ್ದು ವಾಪಸ್ ಬರಲ್ಲ."

ಅವರ ಎದುರಿಗೇ ನಿಂತು ಫೋನ್ ಮಾಡಿದಳು. ಆ ಕಡೆ ಗಂಟೆ ಸದ್ದು. ಚಿಕ್ಕಬೈರಪ್ಪನವರ ಹೆಂಡತಿ ನಾರಾಯಣಮ್ಮ ಕರ್ಪೂರ ಹಚ್ಚಲಾ ಎಂದು ಕೇಳುತ್ತಿದ್ದರು.

"ಹೇಳಮ್ಮ," ಎಂದರು ಚಿಕ್ಕಬೈರಪ್ಪ. "ಡಬ್ಬಿ ಚಿತ್ರ ಸಖತ್ತಾಗೈತೆ. ನೆಂಟ್ರ ಗ್ರೂಪ್‌ಗೂ ಹಾಕ್ದೆ."

"ಆ ಚಿತ್ರ ತಪ್ಪು ಸಾರ್. ಡೈ ಕೊರೀಬೇಡಿ."

"ಅದ್ರಲ್ಲಿ ನಿನ್ ಹೆಸ್ರೇ ಐತಲ್ಲಮ್ಮ?"

ರವಿಕುಮಾರ್ ಬೇಡ ಬೇಡ ಎಂದು ಕೈ ಆಡಿಸಿದರು. ರಮ್ಯ ಅವರ ಮುಖವನ್ನೇ ನೋಡುತ್ತ ಹೇಳಿದಳು.

"ನಾನದನ್ನ ನೋಡೇ ಇಲ್ಲ ಸಾರ್. ನನ್ನ ಕೇಳ್ದೆ ಹೆಸರು ಹಾಕಿದಾರೆ."

ಚಿಕ್ಕಬೈರಪ್ಪ ಗಂಟೆ ಸದ್ದಿನಿಂದ ಈಚೆ ಬಂದರು.

"ಹೊತ್ತು ಮೀರ್ತಾ ಐತೆ. ಪೂಜೆ ನಿಲ್ಸಕ್ಕಾಗಲ್ಲ."

"ನಿಲ್ಲಿಸ್ಬೇಡಿ. ಯಾವ್ದಾದ್ರೂ ಹಳೇ ತುಂಡು ಇಟ್ಟು ಮಷಿನ್ ತಿರುಗ್ಸಿ. ಹೊಸ ಉಕ್ಕು ಮುಟ್ಬೇಡಿ."

"ನೀನು ಹೇಳೋಗಂಟ?"

"ನಾನು ಹೇಳೋವರ್ಗೂ."

"ಆಯ್ತು. ಇನ್ಮೇಲೆ ನೀನೇ ಫೋನ್ ಮಾಡು," ಎಂದು ಅವರು ಇಟ್ಟರು.

"ಕಸ್ಟಮರ್ ಮುಂದೆ ನನ್ನ ಮಾನ ಕಳೆದೆ," ಎಂದು ರವಿಕುಮಾರ್ ಒಳಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡರು. ನಾಳೆ ಈ ಕುರ್ಚಿ ತನಗಿರುತ್ತದೋ ಇಲ್ಲವೋ, ರಮ್ಯಳಿಗೆ ಭಯವಾಯಿತು. ಆದರೂ ಆ ಆಯ್ಕೆ ಮತ್ತೆ ಆನ್ ಮಾಡಿ ಲೆಕ್ಕ ಓಡಿಸಿದಳು.

ಮಧ್ಯಾಹ್ನ ಮನು ಇಣುಕಿ ನೋಡಿದ.

"ಮತ್ತೆ ನಿಂತೋಯ್ತು ರಮ್ಯ. ಅದೇ ಮೂಲೆ."

"ನಿಲ್ಲಲಿ ಬಿಡು," ಎಂದಳು. "ಈ ಆಫೀಸಲ್ಲಿ ಸುಳ್ಳು ಹೇಳಕ್ಕೆ ಅದಕ್ಕೊಂದಕ್ಕಾದ್ರೂ ನಾಚ್ಕೆ ಇದೆ."