ನಾಳೆಯ ಪಟ್ಟಿ

ಶವಪೆಟ್ಟಿಗೆಯ ಪಕ್ಕದ ಮೇಜಿನ ಮೇಲಿದ್ದ ಹೂಗಳನ್ನು ಒತ್ತಟ್ಟಿಗೆ ಸರಿಸಿ ನರ್ಸ್ ಅಲ್ಲಿ ಲ್ಯಾಪ್‌ಟಾಪ್ ಇಡಲು ಹೋದಳು. ಏನು ಮಾಡುತ್ತಿದ್ದೇನೆಂದು ಹೊಳೆದಾಗ ಕೈ ಹಿಂದಕ್ಕೆ ತೆಗೆದು, ಹೂಗಳನ್ನು ಮತ್ತೆ ಮೊದಲಿದ್ದ ಕಡೆಯೇ ಇಟ್ಟಳು.

"ಈ ಕಡೆ ಬನ್ನಿ ಸಿಸ್ಟರ್," ದರ್ಜಿ ಒಳಕೋಣೆಯ ಬಾಗಿಲು ತಳ್ಳಿ ಹಿಡಿದರು. "ನನ್ನ ಹೊಲಿಗೆ ಮೇಜು ಖಾಲಿ ಇದೆ."

"ಇವತ್ತಿನ ದಿನ ನಿಮಗೆ ತೊಂದರೆ ಕೊಡ್ತಿದೀನಿ ಅಂಕಲ್. ಬೇರೆ ದಾರಿ ಇದ್ದಿದ್ರೆ ಬರ್ತಿರಲಿಲ್ಲ."

"ಮೊದಲು ಕೂತ್ಕೊಳ್ಳಿ."

ದರ್ಜಿಯ ಹೆಂಡತಿ ತೀರಿಕೊಂಡದ್ದು ಹಿಂದಿನ ದಿನ ಬೆಳಿಗ್ಗೆ. ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತೆಯಾಗಿದ್ದವಳು. ಯಾವ ರೋಗಿ, ಯಾವ ದಿನ, ಯಾವ ಪಾಳಿ, ಎಷ್ಟನೇ ಮೆಷಿನ್ ಎಂಬ ಪಟ್ಟಿ ಮಾಡುವುದು ಅವಳ ಕೆಲಸ. ಅಲ್ಲಿ ಅವಳನ್ನು ಎಲ್ಲರೂ ಪಟ್ಟಿ ಮೇಡಂ ಎಂದೇ ಕರೆಯುತ್ತಿದ್ದರು. ಎದೆನೋವೆಂದು ಹನ್ನೊಂದು ದಿನದ ಹಿಂದೆ ರಜೆ ಹಾಕಿದವಳು ಮತ್ತೆ ಕೆಲಸಕ್ಕೆ ಹೋಗಲಿಲ್ಲ.

"ಐದನೇ ಮೆಷಿನ್ ಇವತ್ತು ಬೆಳಿಗ್ಗೆ ಕೆಟ್ಟು ನಿಂತಿದೆ," ಎಂದಳು ನರ್ಸ್. "ಉಳಿದ ಏಳರಲ್ಲೇ ಎಲ್ಲರನ್ನೂ ಹೊಂದಿಸಬೇಕು. ನಾಳೆ ಆರು ಗಂಟೆಗೆ ಮೊದಲ ಪಾಳಿ. ಹೊಸ ಪಟ್ಟಿ ಇವತ್ತೇ ಎಲ್ಲರ ಫೋನಿಗೂ ಹೋಗಬೇಕು. ಎರಡು ಬಸ್ ಹತ್ತಿ ಬರೋರಿದ್ದಾರೆ, ಒಂದು ಸರದಿ ತಪ್ಪಿದ್ರೆ ಉಸಿರು ಕಟ್ಟೋರಿದ್ದಾರೆ. ಈ ಫೈಲು ನೋಡಿದ್ರೆ ತೆರೆಯೋಕೇ ಇಪ್ಪತ್ತು ನಿಮಿಷ ತಗೊಳ್ಳುತ್ತೆ. ಒಂದಕ್ಷರ ತಿದ್ದಿದ್ರೆ ಸಾಕು, ಬೆಳ್ಳಗಾಗಿ ನಿಂತುಬಿಡುತ್ತೆ."

"ಆಸ್ಪತ್ರೇಲಿ ಕಂಪ್ಯೂಟರ್ ನೋಡೋರು ಇದ್ದಾರಲ್ಲ?"

ನರ್ಸ್ ತಲೆ ತಗ್ಗಿಸಿದಳು. "ಇದ್ದಾರೆ. ಫೈಲು ಮಾಡಿರೋದೇ ಸರಿಯಿಲ್ಲ ಅಂತಾರೆ. ಯಾರಾದ್ರೂ ಇದರೊಳಗೆ ಇಷ್ಟೊಂದು ಫೋಟೋ ತುಂಬ್ತಾರಾ, ಎಸೆದುಬಿಡಿ, ಮುಂದಿನ ವಾರ ಹೊಸದು ಮಾಡಿಕೊಡ್ತೀವಿ ಅಂದ್ರು."

ದರ್ಜಿ ಹೊಲಿಗೆ ಮೆಷಿನ್ನಿನ ಮೇಲಿದ್ದ ಬಟ್ಟೆ ತುಂಡೊಂದನ್ನು ಎತ್ತಿ, ಮಡಿಸಿ, ಪಕ್ಕಕ್ಕಿಟ್ಟರು.

"ಅವಳ ಫೈಲು ಹಾಗಿರಲಿಲ್ಲ," ಎಂದರು. "ತೆರೆಯಿರಿ ನೋಡೋಣ."

ಬಾಗಿಲಲ್ಲಿ ನಿಂತಿದ್ದ ನಾದಿನಿ ಕಣ್ಣರಳಿಸಿದಳು. ತೀರಿಕೊಂಡವಳ ತಂಗಿ ಅವಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. "ಭಾವ, ನಿಮಗೆ ಟೀವಿ ರಿಮೋಟೇ ಸರಿಯಾಗಿ ಒತ್ತೋಕೆ ಬರಲ್ಲ. ಮೂರೂವರೆಗೆ ವ್ಯಾನ್ ಬರುತ್ತೆ. ಹೊರಗೆ ಅಷ್ಟು ಜನ ಕಾಯ್ತಿದಾರೆ, ನೀವಿಲ್ಲಿ ಆಫೀಸು ತೆರೆದಿದೀರಲ್ಲ."

"ಹೊರಗೆ ನಿಂತಿರೋರು ಯಾರು ಅಂತ ಗೊತ್ತೇನಮ್ಮ ನಿಂಗೆ? ಅರ್ಧ ಜನ ಈ ಪಟ್ಟಿಯೊಳಗಿನವರೇ. ನಾಳೆ ಎಷ್ಟು ಗಂಟೆಗೆ ಹೋಗಬೇಕು ಅಂತ ಅವರಿಗೇ ತಿಳಿಯದೆ ನಿಮ್ಮಕ್ಕನ್ನ ಹೇಗೆ ಕಳಿಸಲಿ?"

ಮಗಳು ಟೀ ಲೋಟಗಳ ತಟ್ಟೆ ಹಿಡಿದು ಚಿಕ್ಕಮ್ಮನ ಹಿಂದೆ ನಿಂತಿದ್ದಳು. "ಚಿಕ್ಕಮ್ಮ, ಅಪ್ಪನ್ನ ಬಿಡಿ," ಎಂದಳು ಮೆಲ್ಲಗೆ. "ನಿನ್ನೆಯಿಂದ ಇಷ್ಟು ಮಾತಾಡಿರೋದು ಇದೇ ಮೊದಲು."

\*

ಆ ಪಟ್ಟಿಯಲ್ಲಿ ಫೋಟೋ ಸೇರಿದ್ದಕ್ಕೆ ಒಂದು ಕಾರಣವಿತ್ತು.

ಏಳು ವರ್ಷದ ಹಿಂದೆ ಒಂದೇ ಹೆಸರಿನ ಇಬ್ಬರು ಒಂದೇ ಪಾಳಿಗೆ ಬರುತ್ತಿದ್ದರು. ಹೊಸದಾಗಿ ಸೇರಿದ್ದ ನರ್ಸೊಬ್ಬಳು ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರನ್ನು ಕೂರಿಸಿದಳು. ಸೂಜಿ ಚುಚ್ಚುವ ಮೊದಲೇ ಪಟ್ಟಿ ಮೇಡಂ ಕಿಟಕಿಯಿಂದ ಕಂಡು ಎದ್ದು ಬಂದಳು. ಏನೂ ಅನಾಹುತವಾಗಲಿಲ್ಲ. ಆದರೆ ಅಂದು ಮನೆಗೆ ಬಂದವಳಿಗೆ ಅನ್ನ ಸೇರಲಿಲ್ಲ.

"ಹೆಸರು ಸಾಲಲ್ಲ ಕಣ್ರೀ. ಮುಖ ಬೇಕು," ಎಂದಳು ಗಂಡನಿಗೆ.

ಮರುದಿನದಿಂದ ಒಬ್ಬೊಬ್ಬರ ಫೋಟೋ ತೆಗೆದು, ಅದನ್ನು ಅಂಚೆಚೀಟಿಯಷ್ಟು ಸಣ್ಣದು ಮಾಡಿ, ಹೆಸರಿನ ಪಕ್ಕ ಕೂರಿಸಿದಳು. ನಲವತ್ತೆಂಟು ಜನ, ನಲವತ್ತೆಂಟು ಮುಖ. ಫೋಟೋಗೆ ಮುಂಚೆ ಕೆಲವರು ತಲೆ ಬಾಚಿಕೊಂಡು ಬಂದರಂತೆ. ಒಬ್ಬ ನಿವೃತ್ತ ಮೇಷ್ಟ್ರು ಕೋಟು ಹಾಕಿಕೊಂಡು ಬಂದಿದ್ದರಂತೆ. ಅದನ್ನು ಹೇಳುವಾಗ ಅವಳು ಒಗ್ಗರಣೆ ಸೌಟು ಹಿಡಿದೇ ನಕ್ಕಿದ್ದಳು.

ದಿನಾ ಸಂಜೆ ಅಡುಗೆಮನೆಯಲ್ಲಿ ಅವಳ ಮಾತು. ಬಾಗಿಲಾಚೆ ಅವರ ಹೊಲಿಗೆ ಮೆಷಿನ್. ಫೈಲು ಒಂದಿಷ್ಟು ನಿಧಾನವಾದರೂ ಸಾಕು, ಅವಳಿಗೆ ಚಪ್ಪಲಿಯೊಳಗೆ ಕಲ್ಲು ಸಿಕ್ಕ ಹಾಗಾಗುತ್ತಿತ್ತು. ಏನೇನು ಮಾಡಿ ನೋಡಿದೆ, ಎಲ್ಲಿ ಸಿಕ್ಕಿತು ಎಂದು ತರಕಾರಿ ಹೆಚ್ಚುತ್ತಾ ಒಂದೂ ಬಿಡದೆ ಹೇಳುತ್ತಿದ್ದಳು.

"ಇದನ್ನೆಲ್ಲಾ ನನಗ್ಯಾಕೆ ಹೇಳ್ತೀಯ? ನನಗೇನು ಅರ್ಥವಾಗುತ್ತೆ?" ಎಂದು ಒಮ್ಮೆ ಕೇಳಿದ್ದರು.

"ಬಾಯಿಬಿಟ್ಟು ಹೇಳಿದ್ರೆ ನನಗೇ ಹೊಳೆಯುತ್ತೆ. ಗೋಡೆಗೆ ಹೇಳೋಣ ಅಂದ್ರೆ ಅದು ಹ್ಞೂಂ ಅನ್ನಲ್ಲ. ನೀವು ಹ್ಞೂಂ ಅಂತೀರಿ."

ಅವರು ಹ್ಞೂಂ ಅಂದಿದ್ದರು. ಹತ್ತೊಂಬತ್ತು ವರ್ಷ ಹ್ಞೂಂ ಅಂದಿದ್ದರು.

\*

"ಮೊದಲು ಫೈಲಿನ ನಕಲು ಮಾಡಿ ಬೇರೆ ಕಡೆ ಇಡಿ," ಎಂದರು ದರ್ಜಿ. "ಕೊಟ್ಟ ಬಟ್ಟೆಗೆ ನೇರವಾಗಿ ಕತ್ತರಿ ಹಾಕಬಾರದು ಅಂತಿದ್ಲು."

ನರ್ಸ್ ನಕಲು ಮಾಡಿದಳು. ಅದಕ್ಕೇ ಬಹಳ ಹೊತ್ತು ಹಿಡಿಯಿತು. ಫೈಲು ತೆರೆದುಕೊಳ್ಳುವಷ್ಟರಲ್ಲಿ ಟೀ ತಣ್ಣಗಾಗಿತ್ತು. ಗೋಡೆ ಗಡಿಯಾರದಲ್ಲಿ ಎರಡೂವರೆ.

"ಈಗ ಫೈಲು ತಾನೇ ಲೆಕ್ಕ ಹಾಕ್ಕೊಳ್ಳೋದನ್ನ ನಿಲ್ಲಿಸಿ. ಒಂದಕ್ಷರ ಮುಟ್ಟಿದ್ರೆ ಹಾಳೆಯೆಲ್ಲಾ ಮತ್ತೆ ಲೆಕ್ಕ ಮಾಡೋಕೆ ಹೊರಡುತ್ತಂತೆ. ನಾವು ಹೇಳಿದಾಗ ಮಾಡಿದ್ರೆ ಸಾಕು."

ನರ್ಸ್ ಅವರ ಮುಖ ನೋಡಿದಳು. "ಅಂಕಲ್, ನಿಮಗಿದೆಲ್ಲಾ..."

"ನನಗೇನೂ ಗೊತ್ತಿಲ್ಲ. ಅವಳು ಹೇಳಿದ್ದು ಹೇಳ್ತಿದೀನಿ. ಈಗ ಕಂಟ್ರೋಲ್ ಹಿಡಿದು ಎಂಡ್ ಒತ್ತಿ. ಹಾಳೆಯ ಕೊನೆ ಎಲ್ಲಿದೆ ಅಂತ ತೋರಿಸಬೇಕು."

ಒತ್ತಿದಳು. ಪರದೆ ಯೋಚಿಸುತ್ತಾ ನಿಂತಿತು. ಆಮೇಲೆ ಕೆಳಗೆ, ಕೆಳಗೆ, ಎಲ್ಲೋ ಖಾಲಿ ಜಾಗದಲ್ಲಿ ಹೋಗಿ ನಿಂತಿತು. ಎಂಬತ್ತು ಸಾವಿರದ ಚಿಲ್ಲರೆ ಸಾಲು.

"ಪಟ್ಟೀಲಿರೋದು ನಲವತ್ತೆಂಟೇ ಜನ," ಎಂದಳು ಮಗಳು.

"ಯಾರೋ ಉದ್ದಕ್ಕೂ ಬಣ್ಣ ಬಳಿದಿರ್ತಾರೆ. ಬರೀ ಬಣ್ಣ ಇದ್ರೂ ಅದು ಅಲ್ಲಿವರೆಗೂ ಬಟ್ಟೆ ಇದೆ ಅಂದ್ಕೊಳ್ಳುತ್ತೆ. ಕತ್ತರಿಸಿ ತೆಗೀರಿ."

ನರ್ಸಿನ ಕಿವಿ ಕೆಂಪಾಯಿತು. "ನಾನೇ ಬಳಿದೆ. ಪಾಳಿ ಬದಲಾದವರಿಗೆ ಹಳದಿ ಹಾಕೋಣ ಅಂತ." ಖಾಲಿ ಸಾಲುಗಳನ್ನು ಅಳಿಸಿ ಫೈಲು ಉಳಿಸಿದಳು. ಒಂದು ಹೆಸರು ತಿದ್ದಿ ನೋಡಿದಳು. ಪರದೆ ಬೆಳ್ಳಗಾಯಿತು. ಕರೆಂಟ್ ಹೋದ ಮನೆಯಲ್ಲಿ ಕಾಯುವ ಹಾಗೆ ನಾಲ್ವರೂ ಅದನ್ನೇ ನೋಡುತ್ತಾ ಕೂತರು. ಅದು ಬಿಡಿಸಿಕೊಂಡಾಗ ಮೂರು ಗಂಟೆ ಐದು ನಿಮಿಷ.

"ಆಗಲಿಲ್ಲ," ಎಂದಳು ನರ್ಸ್. "ಅವರು ಹೇಳಿದ್ದೇ ನಿಜವಿರಬೇಕು. ಫೋಟೋದ್ದೇ ಭಾರ."

"ನಲವತ್ತೆಂಟು ಅಂಚೆಚೀಟಿಗೆ ಯಾವ ಭಾರ ಸಿಸ್ಟರ್?" ದರ್ಜಿಯ ದನಿ ಮೊದಲ ಬಾರಿ ಒರಟಾಯಿತು. ಆಮೇಲೆ ತಗ್ಗಿಸಿ ಕೇಳಿದರು: "ಈ ಹನ್ನೊಂದು ದಿನ ನೀವು ಪಟ್ಟಿ ಹೇಗೆ ಮಾಡಿದ್ರಿ? ಇದ್ದದ್ದು ಇದ್ದ ಹಾಗೆ ಹೇಳಿ. ನಾನು ಬೈಯೋದಿಲ್ಲ."

ನರ್ಸ್ ಬೆರಳು ಹಿಸುಕಿಕೊಂಡಳು.

"ಮೇಡಂ ಮಾಡಿಟ್ಟಿದ್ದನ್ನ ಕೆಡಿಸಬಾರದು ಅಂತ ನಾವೆಲ್ಲಾ ಮಾತಾಡ್ಕೊಂಡ್ವಿ. ವಾಪಸ್ ಬಂದಾಗ ಅವರದು ಹೇಗಿತ್ತೋ ಹಾಗೇ ಇರಬೇಕು ಅಂತ. ಅದಕ್ಕೆ ಮೇಲಿನದನ್ನ ಮುಟ್ಟಲಿಲ್ಲ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಅದನ್ನ ಹಾಗೇ ಎತ್ತಿ ಕೆಳಗೆ ನಕಲು ಮಾಡ್ಕೊಳ್ಳೋದು, ಅದರಲ್ಲಿ ತಿದ್ದೋದು. ಹಿಂದಿನ ನಕಲಿನ ಸಾಲುಗಳನ್ನ ಅಳಿಸಿಬಿಡೋದು."

"ಸಾಲು ಅಳಿಸೋ ಮುಂಚೆ ಚಿತ್ರ ತೆಗೆದ್ರಾ?"

"ಸಾಲು ಅಳಿಸಿದ್ರೆ ಚಿತ್ರ ತಾನೇ ಹೋಯ್ತಲ್ಲ ಅಂಕಲ್. ಕಾಣಿಸ್ತಿರಲಿಲ್ಲ."

ದರ್ಜಿ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ತುಟಿಯ ಕೊನೆಯಲ್ಲಿ ಏನೋ ಅಲುಗಿತು. ಅವರು ಅಳುತ್ತಾರೆಂದುಕೊಂಡು ನಾದಿನಿ ಹತ್ತಿರ ಬಂದಳು.

\*

"ಇವತ್ತು ಸಿಕ್ಕಿದ ನೋಡಿ ಕಳ್ಳ," ಎಂದು ಬಂದಿದ್ದಳು ಅವಳು ಒಂದು ಶನಿವಾರ, ಚೀಲವನ್ನು ಹೆಗಲಿಂದ ಇಳಿಸದೆ.

ರೋಗಿಯೊಬ್ಬರು ಬೇರೆ ಊರಿಗೆ ಹೋದಾಗ ಅವಳು ಅವರ ಸಾಲು ಅಳಿಸಿದ್ದಳು. ಫೋಟೋ ಅಳಿಯಲಿಲ್ಲ. ನಿಲ್ಲಲು ಸಾಲಿಲ್ಲದ್ದರಿಂದ ಅದರ ಎತ್ತರ ಸೊನ್ನೆಯಾಯಿತು, ಅಷ್ಟೇ. ಕಣ್ಣಿಗೆ ಬೀಳದು, ಕೈಗೆ ಸಿಗದು, ಫೈಲು ಮಾತ್ರ ಅದನ್ನು ಹೊತ್ತೇ ತಿರುಗುತ್ತಿತ್ತು.

ದರ್ಜಿ ಕೈಯಲ್ಲಿದ್ದ ಅಂಗಿಯ ಹೊಲಿಗೆಯನ್ನು ಒಳಮಗ್ಗುಲಿಗೆ ತಿರುಗಿಸಿ ತೋರಿಸಿದ್ದರು. "ಹೀಗಾ? ಹೊರಗೆ ನೀಟಾಗಿದೆ, ಒಳಗೆ ಮಡಿಕೆ ಮೇಲೆ ಮಡಿಕೆ?"

ಅವಳು ಚೀಲ ಇಳಿಸಿ ಅವರನ್ನೇ ನೋಡಿದಳು. "ಅದೇ ಕಣ್ರೀ. ನಿಮ್ಮನ್ನ ನಮ್ಮ ಆಫೀಸಿಗೆ ಸೇರಿಸ್ಕೋಬೇಕು. ಮೊದಲು ಚಿತ್ರ, ಆಮೇಲೆ ಸಾಲು. ನೆನಪಿಟ್ಕೊಳ್ಳಿ, ನನಗೆ ಮರೆತ್ರೆ ಹೇಳಿ."

ಅವಳು ಮರೆಯಲಿಲ್ಲ. ಅವರು ಹೇಳುವ ಪ್ರಸಂಗವೇ ಬರಲಿಲ್ಲ.

\*

"ಹಾಳೆಯ ಮೇಲೆ ಎಷ್ಟು ಚಿತ್ರ ಕೂತಿವೆ ಅಂತ ತೋರಿಸೋ ಒಂದು ಪಟ್ಟಿ ಇದೆ," ಎಂದರು ದರ್ಜಿ, ಕಣ್ಣು ತೆರೆದು. "ಬಲಗಡೆ ತೆರೆದುಕೊಳ್ಳುತ್ತೆ. ಒಂದೊಂದರ ಪಕ್ಕದಲ್ಲೂ ಒಂದು ಕಣ್ಣಿನ ಗುರುತು ಇರುತ್ತೆ. ಹುಡುಕಿ."

ಮಗಳೂ ನರ್ಸೂ ಸೇರಿ ಹುಡುಕಿದರು. ಬಲಗಡೆ ಒಂದು ಅಂಕಣ ತೆರೆಯಿತು. ಮೇಲಿಂದ ಕೆಳಗೆ ಕಣ್ಣುಗಳೇ ಕಣ್ಣುಗಳು. ಮೇಲ್ತುದಿಯಲ್ಲಿದ್ದ ಚಿತ್ರದ ಸಂಖ್ಯೆ ಸಾವಿರದ ನೂರ ನಾಲ್ಕು.

"ಅಯ್ಯೋ ದೇವರೇ," ಎಂದಳು ನಾದಿನಿ.

ನರ್ಸ್ ಬೆರಳು ಮಡಿಸಿ ಎಣಿಸಿದಳು. "ಹನ್ನೊಂದು ದಿನ, ದಿನಕ್ಕೆ ಎರಡು. ಇಪ್ಪತ್ತೆರಡು ಸಲ ಎಲ್ಲರನ್ನೂ ನಕಲು ಮಾಡಿದೀವಿ. ಅವರ ಕೆಲಸ ಹಾಳಾಗಬಾರದು ಅಂತ..." ಅವಳ ಕಣ್ಣು ತುಂಬಿತು.

"ಹಾಳಾಗಿಲ್ಲ. ಅವಳದು ಮೇಲೆ ಹಾಗೇ ಇದೆ ಅಂತ ನೀವೇ ಹೇಳಿದ್ರಲ್ಲ. ಕಣ್ಣೊರೆಸಿಕೊಳ್ಳಿ, ಪರದೆ ಕಾಣಿಸಬೇಕು." ದರ್ಜಿ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡರು. "ಮೊದಲು ಕೆಳಗಿನ ನಕಲಿನಿಂದ ಬರೀ ಅಕ್ಷರಗಳನ್ನ ಎತ್ತಿ ಮೇಲಿನದರಲ್ಲಿ ಇಡಿ. ಚಿತ್ರ ಬೇಡ, ಬಣ್ಣ ಬೇಡ."

ಇಟ್ಟಳು. ಪರದೆ ಬೆಳ್ಳಗಾಯಿತು, ಬಿಡಿಸಿಕೊಂಡಿತು. ಮೂರೂ ಇಪ್ಪತ್ತು.

"ಈಗ ಚಿತ್ರಗಳನ್ನ ಹಿಡಿಯೋ ಬಾಣ ಅಂತ ಒಂದಿದೆ. ಅದನ್ನ ತಗೊಂಡು, ಅವಳ ಸಾಲುಗಳು ಮುಗಿದ ಮೇಲೆ ಕೆಳಗಿರೋ ಜಾಗಕ್ಕೆಲ್ಲಾ ಒಂದು ಚೌಕ ಎಳೀರಿ. ಸೀಮೆಸುಣ್ಣದಲ್ಲಿ ಬಟ್ಟೆ ಮೇಲೆ ಗೆರೆ ಎಳೆದ ಹಾಗೆ. ಮೇಲಿನವರನ್ನ ಮುಟ್ಟಬೇಡಿ."

ಚೌಕ ಎಳೆದ ಜಾಗದಲ್ಲಿ, ಏನೂ ಇಲ್ಲದ ಕಡೆ, ಸಣ್ಣ ಚುಕ್ಕಿಗಳು ಒತ್ತೊತ್ತಾಗಿ ಎದ್ದು ನಿಂತವು.

"ಅಳಿಸಲಾ?"

"ಅಳಿಸಿ. ಆಮೇಲೆ ಸಾಲು."

ಹೊರಗೆ ವ್ಯಾನಿನ ಸದ್ದಾಯಿತು. ಬಾಗಿಲಲ್ಲಿ ಚಾಲಕನ ತಲೆ ಕಾಣಿಸಿತು. "ಯಜಮಾನ್ರೇ, ನಾಲ್ಕಕ್ಕೆ ಸ್ಮಶಾನದಲ್ಲಿರಬೇಕು. ತಡವಾದ್ರೆ ಬೇರೆಯವರನ್ನ ಒಳಗೆ ಬಿಟ್ಟುಬಿಡ್ತಾರೆ."

ನಿನ್ನೆಯಿಂದ ಅಡ್ಡಬಾಯಿ ಹಾಕುತ್ತಲೇ ಇದ್ದ ನಾದಿನಿ ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನತ್ತ ತಿರುಗಿದಳು. "ನಮ್ಮಕ್ಕ ಕೆಲಸ ಮುಗಿಸಿ ಬರ್ತಾಳೆ. ಸ್ವಲ್ಪ ನಿಲ್ಲಿ."

ನರ್ಸ್ ಫೈಲು ಉಳಿಸಿ, ಮುಚ್ಚಿ, ಮತ್ತೆ ಒತ್ತಿದಳು. ಕೈ ತೆಗೆಯುವಷ್ಟರಲ್ಲಿ ಅದು ತೆರೆದು ನಿಂತಿತ್ತು. ನಲವತ್ತೆಂಟು ಹೆಸರು, ಪಕ್ಕದಲ್ಲಿ ಅಂಚೆಚೀಟಿಯಷ್ಟು ನಲವತ್ತೆಂಟು ಮುಖ. ಅವುಗಳ ನಡುವೆ ಕೋಟು ಹಾಕಿದ ಮೇಷ್ಟ್ರೂ ಇದ್ದರು. ಅವಳು ಒಂದು ಹೆಸರು ತಿದ್ದಿದಳು, ಇನ್ನೊಂದು, ಮತ್ತೊಂದು. ಎಲ್ಲೂ ತಡೆಯಲಿಲ್ಲ.

"ಎಸೆದುಬಿಡಿ ಅಂದ್ರು," ಎಂದಳು ತನಗೆ ತಾನೇ.

"ಅವರಿಗೆ ಹೇಳಿ," ಎಂದರು ದರ್ಜಿ ಎದ್ದು ನಿಂತು, ಅಂಗಿಯ ಸುಕ್ಕು ಕೈಯಿಂದ ತೀಡುತ್ತಾ. "ಇದು ಪಟ್ಟಿ ಮೇಡಂ ಹೊಲಿದದ್ದು ಅಂತ ಹೇಳಿ. ನೀವು ಹೊಂದಿಸಿ ಕಳಿಸಿ. ನಾನು ಅವಳ ಹತ್ತಿರ ಇರ್ತೀನಿ."

ಹಜಾರದಲ್ಲಿ ಪೆಟ್ಟಿಗೆಗೆ ಹೆಗಲು ಕೊಡಲು ರೋಗಿಗಳೇ ಮುಂದೆ ಬಂದಿದ್ದರು. ಬೇಡವೆಂದರೂ ಕೇಳಲಿಲ್ಲ. ಆದರೆ ಡಯಾಲಿಸಿಸ್ ಸೂಜಿ ಚುಚ್ಚುವ ತೋಳಿನಲ್ಲಿ ಅವರು ಭಾರ ಎತ್ತುವಂತಿಲ್ಲ.

"ಎಡಗೈಗೆ ಸೂಜಿ ಹಾಕಿಸ್ಕೊಳ್ಳೋರೆಲ್ಲಾ ಎಡಗಡೆ ನಿಲ್ಲಿ, ಬಲಗೈಯಲ್ಲಿ ಹಿಡಿಯಬಹುದು," ಎಂದು ನಿವೃತ್ತ ಮೇಷ್ಟ್ರು ತರಗತಿಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವವರಂತೆ ಹೇಳುತ್ತಿದ್ದರು. ಹೆಚ್ಚಿನವರಿಗೆ ಸೂಜಿ ಎಡಗೈಗೇ. ಎಡಬದಿಯಲ್ಲಿ ಏಳು ಜನ ಒತ್ತಿ ನಿಂತರು, ಬಲಬದಿಯಲ್ಲಿ ಇಬ್ಬರು.

"ತಕ್ಕಡಿ ವಾಲುತ್ತಲ್ಲಪ್ಪ," ಎಂದರು ಯಾರೋ.

ದರ್ಜಿ ಬಲಬದಿಗೆ ಹೋಗಿ ನಿಂತರು. ಮಗಳು ಅವರ ಹಿಂದೆ. ನಾದಿನಿ ಚಪ್ಪಲಿ ಬಿಟ್ಟು ಮಗಳ ಹಿಂದೆ ಬಂದಳು. ವ್ಯಾನಿನ ಚಾಲಕ ಒಂದು ಕ್ಷಣ ನೋಡಿ, ತಾನೂ ಪೆಟ್ಟಿಗೆಯ ಒಂದು ಹಿಡಿಕೆ ಹಿಡಿದ.

"ಎತ್ತೋಣವಾ?" ಎಂದರು ಮೇಷ್ಟ್ರು.

"ಸ್ವಲ್ಪ ತಾಳಿ," ಎಂದರು ದರ್ಜಿ.

ಒಳಕೋಣೆಯಿಂದ ಕೀಲಿಗಳ ಟಕಟಕ ಕೇಳುತ್ತಿತ್ತು. ನಿಂತಿತು.

ಮೊದಲು ಸದ್ದು ಮಾಡಿದ್ದು ಮೇಷ್ಟ್ರ ಜೇಬು. ಆಮೇಲೆ ಅವರ ಹಿಂದಿನವರದು. ಆಮೇಲೆ ಹೊಸ್ತಿಲಲ್ಲಿ, ಮೆಟ್ಟಿಲ ಮೇಲೆ, ಬೀದಿಯಲ್ಲಿ ನಿಂತವರ ಚೀಲ ಜೇಬುಗಳಲ್ಲಿ ಒಂದಾದ ಮೇಲೊಂದು. ಪೆಟ್ಟಿಗೆ ಹಿಡಿದವರು ಒಂದು ಕೈ ಅದರ ಮೇಲೇ ಇಟ್ಟು, ಇನ್ನೊಂದು ಕೈಯಿಂದ ಫೋನು ತೆಗೆದು, ದೂರ ಹಿಡಿದು ಓದಿಕೊಂಡರು.

"ಆರು ಗಂಟೆ, ಎರಡನೇ ಮೆಷಿನ್," ಎಂದರು ಮೇಷ್ಟ್ರು.

"ನನಗೆ ಮಧ್ಯಾಹ್ನ, ಏಳನೇದು," ಎಂದಿತು ಹಿಂದಿನ ದನಿ.

ದರ್ಜಿ ಎಡಬದಿಯ ಏಳು ಮುಖಗಳನ್ನೂ ಒಂದೊಂದಾಗಿ ನೋಡಿದರು. ಫೋನುಗಳು ಜೇಬಿಗೆ ಮರಳಿದವು. ಅವರು ಬೆನ್ನು ನೆಟ್ಟಗೆ ಮಾಡಿ, ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಮೇಷ್ಟ್ರಿಗೆ ತಲೆಯಾಡಿಸಿದರು. ಪೆಟ್ಟಿಗೆ ಯಾವ ಕಡೆಗೂ ವಾಲದೆ ನೆಲದಿಂದ ಮೇಲೆದ್ದಿತು.