ಉಳಿಸಿಕೊಂಡ ಹಳದಿ ಡಬ್ಬಿ

ಪೇಂಟ್ ಮೇಸ್ತ್ರಿ ನನ್ನ ಅಂಗಡಿಗೆ ಬಂದರೆ ಮೊದಲು ಹೊಸ ಡಬ್ಬಿಯ ಮುಚ್ಚಳ ತೆಗೆಸಿ ಮೂಸುತ್ತಾನೆ, ಆಮೇಲೆ ಮೂಗು ಮುರಿಯುತ್ತಾನೆ.

"ಇದೇನಣ್ಣ, ಬಣ್ಣಾನಾ, ಬಣ್ಣ ತೊಳೆದ ನೀರಾ?"

ಹನ್ನೆರಡು ವರ್ಷದಿಂದ ಇದೇ ಮಾತು. ಗೊಣಗಿದ ಮೇಲೆ ಡಬ್ಬಿ ಹೊತ್ತುಕೊಂಡು ಹೋಗುತ್ತಾನೆ, ಅದು ಬೇರೆ ವಿಷಯ.

ಹನ್ನೆರಡು ವರ್ಷದ ಹಿಂದೆ ಕಂಪನಿಯಿಂದ ಒಂದು ಕಾಗದ ಬಂದಿತ್ತು. ಹಳೆಯ ಎಣ್ಣೆ ಬಣ್ಣದಲ್ಲಿ ಸೀಸವಿದೆ, ಮಕ್ಕಳ ಮಿದುಳಿಗೆ ಅದು ವಿಷ, ಉಳಿದ ಡಬ್ಬಿಗಳನ್ನೆಲ್ಲ ವಾಪಸು ಕಳಿಸಿ ಎಂದು. ಮೇಸ್ತ್ರಿಯೂ ತನ್ನಲ್ಲಿದ್ದವನ್ನು ತಂದು ನನ್ನ ಮುಂದೆ ಸುರಿದ. ಆದರೆ ಸೈಕಲ್ಲಿನ ಚೀಲದೊಳಗೆ ಒಂದು ಹಳದಿ ಡಬ್ಬಿ ಉಳಿದದ್ದು ನನ್ನ ಕಣ್ಣಿಗೆ ಬಿತ್ತು. ಒಳ್ಳೆಯ ಗಿರಾಕಿ. ಕಂಡೂ ಕಾಣದವನ ಹಾಗೆ ಇದ್ದುಬಿಟ್ಟೆ. ಇದರಲ್ಲಿ ನನ್ನ ಪಾಲು ಅಷ್ಟೇ, ಆದರೆ ಅದು ಕಡಿಮೆಯೇನಲ್ಲ.

ಹೋದ ವರ್ಷ ಅವನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಮಗಳು, ಅಳಿಯ, ಮೇಸ್ತ್ರಿ ಎಲ್ಲ ಇರುವುದು ಒಂದೇ ಮನೆಯಲ್ಲಿ. ಒಂದು ಭಾನುವಾರ ಬೆಳಿಗ್ಗೆ ಅವನು ಅಂಗಡಿಯಲ್ಲಿ ಮರೆತು ಹೋಗಿದ್ದ ಕನ್ನಡಕ ಕೊಡಲು ಅಲ್ಲಿಗೆ ಹೋದೆ. ಆ ತಿಂಗಳಲ್ಲಿ ಅವನು ಅದನ್ನು ಮರೆತದ್ದು ಮೂರನೇ ಸಲ.

ಮಗುವಿಗೆ ಹತ್ತು ತಿಂಗಳು. ಸುತ್ತ ಮರದ ಕಂಬಿಗಳಿರುವ ಪುಟ್ಟ ಮಂಚದೊಳಗೆ ನಿಂತುಕೊಂಡು ಮೇಲಿನ ಪಟ್ಟಿಯನ್ನು ಕಚ್ಚುತ್ತಿತ್ತು. ಹಲ್ಲು ಬರುವ ಕಾಲ, ಸಿಕ್ಕಿದ್ದೆಲ್ಲ ಬಾಯಿಗೇ. ಮಂಚ ಹಳದಿಯಾಗಿ ಫಳಫಳ ಹೊಳೆಯುತ್ತಿತ್ತು. ಮಗು ಕಚ್ಚಿದ ಕಡೆ ಮಾತ್ರ ಬಣ್ಣ ಎದ್ದು ಮರ ಕಾಣುತ್ತಿತ್ತು. ಅದರ ಕೆಳತುಟಿಗೆ ಒಂದು ಹಳದಿ ಚೂರು ಅಂಟಿತ್ತು.

ಕನ್ನಡಕ ಕೈಯಲ್ಲೇ ಹಿಡಿದು ಮಂಚದ ಹತ್ತಿರ ಹೋದೆ.

"ಮೇಸ್ತ್ರಿ, ಇದು ಯಾವ ಡಬ್ಬಿ?"

"ನಿಮಗೂ ಗೊತ್ತಾಗ್ಲಿಲ್ವಾ? ಒಂದನ್ನ ಉಳಿಸ್ಕೊಂಡಿದ್ದೆ. ಮೊಮ್ಮಗಳ ಮಂಚಕ್ಕೆ ನೀರು ಬಳೀತೀನಾ? ಹಸಿ ಬಣ್ಣಕ್ಕೆ ಧೂಳು ಕೂರಬಾರ್ದು ಅಂತ ಕಿಟಕಿ ಎಲ್ಲ ಮುಚ್ಚಿ ಬಳಿದೆ. ಒಂದೊಂದು ಕೋಟ್ ಬಣ್ಣ ಒಣಗಿದ ಮೇಲೂ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದೀನಿ. ಇಲ್ಲೇ, ಇದೇ ಕೋಣೇಲಿ."

"ಅದ್ರಲ್ಲಿ ಸೀಸ ಇದೆ. ಮಗು ಅದನ್ನ ತಿಂತಾ ಇದೆ."

ಮಗಳು ಅಡುಗೆಮನೆಯಿಂದ ಓಡಿ ಬಂದು ಮಗುವನ್ನು ಎತ್ತಿಕೊಂಡಳು. ಒದ್ದೆ ಬೆರಳಿನಿಂದ ಅದರ ಬಾಯಿ ಒರೆಸಿದಳು. ಮೇಸ್ತ್ರಿಯ ಮುಖ ಕೆಂಪಾಯಿತು.

"ನಲವತ್ತು ವರ್ಷ ಇದ್ರಲ್ಲೇ ಕೈ ಅದ್ದಿದೀನಿ. ನನಗೇನಾಗಿದೆ?"

ಮಗಳು ಅವನ ಬಲಗೈಯನ್ನೇ ನೋಡುತ್ತಿದ್ದಳು. ಅದು ನಡುಗುತ್ತಿತ್ತು. ಅಂಚಿಗೆ ಟೇಪು ಅಂಟಿಸದೆ ಗೋಡೆಯುದ್ದಕ್ಕೂ ಕುಂಚದಿಂದ ನೇರ ಗೆರೆ ಎಳೆಯುತ್ತಿದ್ದ ಕೈ ಅದು. ಎರಡು ವರ್ಷದಿಂದ ಅವನು ನನ್ನ ಅಂಗಡಿಯಲ್ಲಿ ಟೇಪು ಕೊಳ್ಳುತ್ತಿದ್ದ. ಆಳುಗಳಿಗೆ ಬೇಕು ಅನ್ನುತ್ತಿದ್ದ, ನಾನು ನಂಬಿದ್ದೆ. ನಡುಕ ಸೀಸದ್ದೋ ವಯಸ್ಸಿನದ್ದೋ ನಾನು ಹೇಳಲಾರೆ.

"ಅಪ್ಪ, ನಿನ್ನ ಕೈ," ಅಂದಳು ಮಗಳು. ಮೇಸ್ತ್ರಿ ಕೈಯನ್ನು ಜೇಬಿಗೆ ಹಾಕಿಕೊಂಡ.

ಆಮೇಲೆ ಅವನಿಗೆ ಏನನ್ನಿಸಿತೋ, ಮೂಲೆಯಲ್ಲಿದ್ದ ಸ್ಯಾಂಡ್ ಪೇಪರ್ ತೆಗೆದುಕೊಂಡು ಮಂಚದ ಮುಂದೆ ಕುಕ್ಕರಿಸಿದ.

"ಈಗ್ಲೇ ಎಲ್ಲಾ ಕೆರೆದು ಹಾಕ್ತೀನಿ."

ನಾನು ಅವನ ಮಣಿಕಟ್ಟು ಹಿಡಿದೆ. "ಕೆರೆದ್ರೆ ಅದೇ ಪುಡಿ ಮನೆಯೆಲ್ಲ ಹಾರುತ್ತೆ. ಉಸಿರಾಡೋದು ಯಾರು?"

ಮಂಚಕ್ಕೆ ಪ್ಲಾಸ್ಟಿಕ್ ಸುತ್ತಿ ಇಬ್ಬರೂ ಸೇರಿ ಹೊರಗೆ ಸಾಗಿಸಿದೆವು. ಮಗುವನ್ನು ಪಕ್ಕದ ಮನೆಗೆ ಕಳಿಸಿ, ಕಿಟಕಿಗಳನ್ನೆಲ್ಲ ತೆರೆದು, ಪೊರಕೆ ಮುಟ್ಟದೆ ಸೋಪಿನ ನೀರಿನ ಒದ್ದೆ ಬಟ್ಟೆಯಿಂದ ನೆಲ, ಕಿಟಕಿಯ ಕಟ್ಟೆ, ಬಾಗಿಲ ಸಂದುಗಳನ್ನು ಮೂರು ಸಲ ಒರೆಸಿದೆವು. ಒರೆಸುತ್ತಲೇ ನಾನು ಹೇಳಿಬಿಟ್ಟೆ.

"ಆವತ್ತು ಚೀಲದಲ್ಲಿದ್ದ ಡಬ್ಬಿ ನಾನು ನೋಡಿದ್ದೆ."

"ನೋಡಿ ಸುಮ್ಮನಿದ್ರಾ, ದೊಡ್ಡಪ್ಪ?" ಅಂದಳು ಮಗಳು. ನಾನು ಬಟ್ಟೆ ಹಿಂಡಿದೆ. ನಾಚಿಕೆಯಾಯಿತು.

ಪರೀಕ್ಷೆ ಮಾಡಿಸಿದಾಗ ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿತು. ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಅಂದರು ಡಾಕ್ಟರು. ಮಗುವಿಗೆ ಏನಾದರೂ ನಷ್ಟವಾಗಿದೆಯೋ ಇಲ್ಲವೋ, ಅದು ದೊಡ್ಡದಾಗುತ್ತ ತಿಳಿಯಬೇಕು ಎಂದೂ ಅಂದರು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಸೀಸ ಅರ್ಧಕ್ಕಿಳಿದಿತ್ತು. ಮೇಸ್ತ್ರಿಯೂ ರಕ್ತ ಕೊಟ್ಟು ಬಂದಿದ್ದ. ಆ ರಿಪೋರ್ಟನ್ನು ಅವನು ಯಾರಿಗೂ ತೋರಿಸಲಿಲ್ಲ.

ಮೊನ್ನೆ ಮತ್ತೆ ಅವನ ಮನೆಗೆ ಹೋಗಿದ್ದೆ. ಅವನೇ ಉಜ್ಜಿ ನುಣುಪು ಮಾಡಿದ ಹೊಸ ಮಂಚ ಬರೀ ಮರದ್ದು, ಒಂದು ಹನಿ ಬಣ್ಣವಿಲ್ಲ. ಮೇಲಿನ ಪಟ್ಟಿಯಲ್ಲಿ ನಾಲ್ಕು ಪುಟ್ಟ ಹಲ್ಲಿನ ಗುರುತು. ತಾನು ಮಾಡಿದ ಕೆಲಸದ ಮೇಲೆ ಯಾರಾದರೂ ಉಗುರು ತಾಗಿಸಿದರೂ ಸಿಡಿಮಿಡಿಗೊಳ್ಳುತ್ತಿದ್ದವನು ಇವನು. ಹಾಗಾಗಿ ಕೇಳಿದೆ, "ಇದನ್ನ ಉಜ್ಜಿ ಸರಿಮಾಡಲ್ವಾ?"

"ಬಿಡಣ್ಣ, ಕಚ್ಚಲಿ," ಅಂದ.

ಮಗು ಮತ್ತೆ ಕಚ್ಚಿತು. ಮೇಸ್ತ್ರಿ ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಮಗುವನ್ನೇ ನೋಡುತ್ತ ಕೂತಿದ್ದ.