ಕಾಗದ ಸಿಗದ ಹೆಬ್ಬೆಟ್ಟು

ನಾನು ಒಂದು ಇಂಕ್ ಪ್ಯಾಡು. ಅಂಗೈಯಗಲದ ತಗಡಿನ ಡಬ್ಬಿ, ಒಳಗೆ ದಪ್ಪನೆಯ ಮೆತ್ತೆ, ಅದರ ಮೇಲೆ ಬಿಗಿದ ತೆಳು ಬಟ್ಟೆ, ಬಟ್ಟೆಯ ತುಂಬ ನೇರಳೆ ಮಸಿ. ಇಷ್ಟೇ ನನ್ನ ಮೈ. ನನ್ನನ್ನು ಯಾರೂ ಅಕ್ಕರೆಯಿಂದ ಮುಟ್ಟಿದ್ದಿಲ್ಲ. ಮುಟ್ಟಿದವರೆಲ್ಲ ಮರುಗಳಿಗೆಯೇ ನನ್ನ ಗುರುತನ್ನು ಎಲ್ಲಿ ಒರೆಸಲಿ ಎಂದು ಜಾಗ ಹುಡುಕಿದ್ದಾರೆ. ಹೀಗೆ ಬಾಳಿದವನಿಗೆ ನಾಚಿಕೆ ಅಂಟದೆ ಇರುತ್ತದೆಯೇ?

ನಾನು ಹುಟ್ಟಿದ್ದು ಹುಬ್ಬಳ್ಳಿಯ ಹೊರವಲಯದ ಒಂದು ಶೆಡ್ಡಿನಲ್ಲಿ. ಅಲ್ಲಿ ಬಟ್ಟೆ ಬಿಗಿದು ಮಸಿ ಹಾಕುವವರೆಲ್ಲ ಹೆಂಗಸರು. ಅವರ ಬೆರಳುಗಳು ಉಗುರಿನ ಬುಡದವರೆಗೂ ನೇರಳೆ. ಮದುವೆಗೆ ಹೋದರೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಅಕ್ಷತೆ ಹಾಕಿ ಬರುತ್ತೇವೆ ಎಂದು ತಮ್ಮತಮ್ಮಲ್ಲೇ ಹೇಳಿಕೊಂಡು ನಗುತ್ತಿದ್ದರು. ಆ ನಗುವಿನಲ್ಲಿ ಏನಿತ್ತೆಂದು ಆಗ ನನಗೆ ತಿಳಿಯಲಿಲ್ಲ. ಹೊಸ ಡಬ್ಬಿ, ಹೊಳೆಯುವ ಮುಚ್ಚಳ, ನನಗೆ ನನ್ನದೇ ಜಂಬ.

ಧಾರವಾಡದ ಒಂದು ಕಾಗದ-ಪೆನ್ನಿನ ಅಂಗಡಿಯಲ್ಲಿ ಕೆಲವು ತಿಂಗಳು ಧೂಳು ತಿಂದ ಮೇಲೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಬ್ಯಾಂಕಿನ ಶಾಖೆ ನನ್ನನ್ನು ಕೊಂಡಿತು. ಮೊದಲು ನನಗೆ ಜಾಗ ಸಿಕ್ಕಿದ್ದು ಮ್ಯಾನೇಜರರ ಮೇಜಿನ ಮೇಲೆ. ಕಟ್ಟಿಗೆಯ ಹಿಡಿಯ ದುಂಡು ಮೊಹರು ನನ್ನ ಜೊತೆಗಾರ. ಅದು ಬಂದು ನನ್ನ ಎದೆಗೆ ಒತ್ತಿ, ಹೋಗಿ ಕಾಗದದ ಮೇಲೆ ಕೂತರೆ ಆ ಕಾಗದಕ್ಕೆ ಎಲ್ಲಿಲ್ಲದ ಬೆಲೆ. ನಾನೇ ಬ್ಯಾಂಕು ನಡೆಸುತ್ತಿದ್ದೇನೆ ಎಂದುಕೊಂಡಿದ್ದೆ. ಒಂದು ದಿನ ತನ್ನ ಹೊಟ್ಟೆಯಲ್ಲೇ ಮಸಿ ತುಂಬಿಕೊಂಡ ಹೊಸ ಮೊಹರು ಬಂತು. ಅದಕ್ಕೆ ಯಾರ ಹಂಗೂ ಇರಲಿಲ್ಲ. ಮ್ಯಾನೇಜರರು ನನ್ನನ್ನು ಎತ್ತಿ, "ಇದನ್ನ ಹೆಬ್ಬೆಟ್ಟಿನ ಕೌಂಟರಿಗೆ ಕೊಡ್ರಿ" ಎಂದರು. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಆದರೂ ಆವತ್ತು ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆ ಕೌಂಟರಿನಲ್ಲಿ ಕೂತವರು ಹುದ್ದಾರ ಮೇಡಂ. ಕನ್ನಡಕ ಮೂಗಿನ ತುದಿಗೆ, ಮಾತು ಜೋರು, ಮನಸ್ಸು ಮೆತ್ತಗೆ. ಅವರ ಬಲಗಡೆ ಒಂದು ಕಂಬ, ಕಂಬದ ಮೇಲೆ ‘ಮಸಿ ಒರೆಸಬಾರದು’ ಎಂಬ ಬೋರ್ಡು, ಬೋರ್ಡಿನ ಸುತ್ತ ನೂರಾರು ನೇರಳೆ ಬೆರಳು. ಕಂಬ ಕೈಗೆ ಸಿಗದವರು ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದರು. ನಮ್ಮ ಕಡೆಯ ರೂಢಿ ಅದು. ಕರಿಗೂದಲಲ್ಲಿ ನೇರಳೆ ಮಸಿ ಕಾಣುವುದಿಲ್ಲ. ಗಂಡಸರು ರುಮಾಲು ಎತ್ತಿ, ಹೆಂಗಸರು ಸೆರಗು ಸರಿಸಿ, ಕಿವಿಯ ಹಿಂದಿನ ಕೂದಲಿಗೆ ಬೆರಳು ತಿಕ್ಕಿ ಮತ್ತೆ ಮುಚ್ಚಿಬಿಡುತ್ತಿದ್ದರು. ನನ್ನ ಮುಂದೆ ಬಂದು ತಲೆ ತಗ್ಗಿಸದವರನ್ನು ನಾನು ಕಾಣೆ. ಹೊಲ ಉಳುವವರು, ಗಾರೆ ಕೆಲಸದವರು, ಎಂಥ ಕಷ್ಟಕ್ಕೂ ಬಗ್ಗದವರು ಇಲ್ಲಿ ಬಂದು ಬಗ್ಗುತ್ತಿದ್ದರು. ಒಂದು ಬೆರಳಿನ ಹೆಸರು ಬೈಗುಳವಾದದ್ದು ನನ್ನ ದೆಸೆಯಿಂದಲೇ ತಾನೆ? ಓದು ಬಾರದವರನ್ನು ಕಂಡರೆ ಜನ ‘ಹೆಬ್ಬೆಟ್ಟು’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮುಚ್ಚಳ ಹಾಕಿಕೊಂಡು ಬಿಡಬೇಕೆನಿಸುತ್ತಿತ್ತು.

ಪ್ರತಿ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ಮಾತ್ರ ನಮ್ಮ ಕೌಂಟರಿಗೆ ಬೇರೆಯದೇ ಕಳೆ. ಹೊಸ ವಿದ್ಯಾರ್ಥಿಗಳು ವಿದ್ಯಾರ್ಥಿವೇತನಕ್ಕೆಂದು ಖಾತೆ ತೆಗೆಯಲು ಬರುತ್ತಿದ್ದರು. ಆ ಕೆಲಸವೂ ಹುದ್ದಾರ ಮೇಡಂ ಅವರದೇ. ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ ಈ ಮಕ್ಕಳು ಬ್ಯಾಂಕು ಆರಿಸುತ್ತಿದ್ದರು. ಒಬ್ಬನಿಗೆ ಕ್ಯಾಂಟೀನಿನ ಪಕ್ಕ ಎಟಿಎಂ ಇರುವ ಬ್ಯಾಂಕೇ ಬೇಕು. ಇನ್ನೊಬ್ಬಳಿಗೆ ಗೇಟಿನ ಹೊರಗೆ ಡೇರೆ ಹಾಕಿ ಖಾತೆಗೊಂದು ಬ್ಯಾಗು ಹಂಚುವ ಬ್ಯಾಂಕಿನ ಮೇಲೆ ಕಣ್ಣು. "ಬ್ಯಾಗ್ ಎರಡ ತಿಂಗಳಿಗೆ ಹರೀತದ, ಖಾತೆ ಹಂಗಲ್ಲ ನೋಡ್ರಿ" ಎಂದು ಮೇಡಂ ಗದರುತ್ತಿದ್ದರು. ಅವರೆಲ್ಲ ಸಹಿ ಮಾಡುವವರು. ನನ್ನತ್ತ ತಿರುಗಿಯೂ ನೋಡುತ್ತಿರಲಿಲ್ಲ. ನನಗೂ ಅದೇ ಹಾಯೆನಿಸುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಸುಗಂಧಾ ಬಂದಳು. ಬಿ.ಎ. ಮೊದಲ ವರ್ಷ, ಹಾಸ್ಟೆಲಿನ ಹುಡುಗಿ, ಇಸ್ತ್ರಿ ಮಾಡಿದ ಚೂಡಿದಾರ. ಜೊತೆಗೆ ಅವಳ ತಾಯಿ ದುಂಡವ್ವ. ನವಲಗುಂದದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಹೆಂಗಸು. ಮೇಡಂ ಒಳಗೆ ಫೋನಿನಲ್ಲಿದ್ದರು. ತಾಯಿ-ಮಗಳು ಕೌಂಟರಿನ ಎದುರಿನ ಬೆಂಚಿನ ಮೇಲೆ ಕೂತರು. ನನ್ನ ಮುಚ್ಚಳ ತೆರೆದಿತ್ತು, ಮಾತೆಲ್ಲ ಕೇಳಿಸುತ್ತಿತ್ತು.

"ಯವ್ವಾ, ನೀ ಯಾಕ ಬರಾಕ ಹೋಗಿದ್ದಿ? ನಾ ಒಬ್ಬಾಕಿನ ತಗಸ್ತಿದ್ದೆ" ಎಂದಳು ಮಗಳು.

"ನನ್ನ ಹೆಸರೂ ಹಾಕ್ಸು ಅದ್ರಾಗ," ಎಂದಳು ದುಂಡವ್ವ. "ಸಾಲ್ಯಾಗ ಹೆಸರ ಹಚ್ಚುವಾಗ ನಿಮ್ಮಪ್ಪನ ಹೆಸರ ಬರಕೊಂಡ್ರು. ನಮ್ಮನ್ನ ಬಿಟ್ಟ ಹ್ವಾದಂವನ ಹೆಸರು. ರೇಷನ್ ಕಾರ್ಡಿನ್ಯಾಗ ನಿಮ್ಮಜ್ಜಂದು. ಒಂದ ಕಡೆನರ ನಿನ್ನ ಹೆಸರಿನ ಬಾಜೂಕ ನನ್ನ ಹೆಸರು ಇರ್ಲಿ ಯವ್ವಾ. ಮತ್ತೇನೂ ಬ್ಯಾಡ ನನಗ."

ಅದಕ್ಕೆಂದೇ ಅವಳು ಫೋಟೊ ತೆಗೆಸಿಕೊಂಡು ಬಂದಿದ್ದಳು. ಎಲೆಅಡಿಕೆಯ ಚೀಲದಿಂದ ತೆಗೆದು ತೋರಿಸಿದಳು. ಹಣೆಯ ಕುಂಕುಮ ದೊಡ್ಡದಾಗಿ, ಕಣ್ಣು ಇನ್ನೂ ದೊಡ್ಡದಾಗಿ ಬಿದ್ದಿತ್ತು. ಸುಗಂಧಾ ಅದನ್ನು ನೋಡಿ "ಆತು ಬಿಡು ಬೇ" ಎಂದು ನಕ್ಕಳು. ಆ ಗಳಿಗೆಯಲ್ಲಿ ಅವಳು ಒಪ್ಪಿದ್ದಳು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅಷ್ಟರಲ್ಲಿ ಅವಳ ಹಾಸ್ಟೆಲಿನ ಇಬ್ಬರು ಹುಡುಗಿಯರು ಬಂದು ಹಿಂದೆ ಸಾಲು ನಿಂತರು. ಸುಗಂಧಾ ಎದ್ದು ನಿಂತ ರೀತಿಯೇ ಬದಲಾಯಿತು. ತಾಯಿಗೂ ತನಗೂ ನಡುವೆ ಒಂದು ಮಾರು ಜಾಗ ಬಿಟ್ಟುಕೊಂಡಳು. ಮೇಡಂ ಬಂದು ಕೂತು, "ಒಬ್ಬಾಕಿ ಹೆಸರಿಲೆನೋ, ಜಂಟಿನೋ?" ಎಂದು ಕೇಳಿದರು.

‘ಜಂಟಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ದುಂಡವ್ವ ಮುಂದೆ ಬಂದು, ಯಾರೂ ಹೇಳದೆಯೇ, ಎಡಗೈ ಹೆಬ್ಬೆರಳನ್ನು ನನ್ನ ಮೇಲೆ ಒತ್ತಿಬಿಟ್ಟಳು. ಎಷ್ಟು ಆಸೆಯಿಂದ ಒತ್ತಿದಳೆಂದರೆ ನನ್ನ ಮೆತ್ತೆ ತಳಕ್ಕೆ ತಾಗಿತು. ಆ ಬೆರಳು ನನಗೆ ಇನ್ನೂ ನೆನಪಿದೆ. ಹಂಚಿನ ಕಾವಿಗೆ, ಹಿಟ್ಟಿನ ತಿಕ್ಕಾಟಕ್ಕೆ ಅದರ ಗೆರೆಗಳೆಲ್ಲ ಸವೆದು ನುಣ್ಣಗಾಗಿತ್ತು.

ಮೇಡಂ ಆ ಬೆರಳನ್ನು ನೋಡಿ, "ತಡೀರಿ ತಡೀರಿ, ಇನ್ನೂ ಕಾಗದ ಎಲ್ಲದ?" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ನೋಡು ತಂಗಿ, ನಿನ್ನ ಒಬ್ಬಾಕಿ ಹೆಸರಿಲೆ ತಗದ್ರ ಎಟಿಎಂ ಕಾರ್ಡ್ ಬರ್ತದ. ಜಂಟಿ ಮಾಡಿ, ಅದರಾಗ ಒಬ್ಬರು ಹೆಬ್ಬೆಟ್ಟಿನವರಿದ್ರ ನಮ್ಮ ಶಾಖೆದಾಗ ಕಾರ್ಡ್ ಕೊಡಂಗಿಲ್ಲ. ಪ್ರತಿ ಸಲ ಇಬ್ಬರೂ ಇಲ್ಲೇ ಬರಬೇಕಾಗ್ತದ. ವಿಚಾರ ಮಾಡಿ ಹೇಳು" ಎಂದರು.

ಹಿಂದೆ ನಿಂತವರಲ್ಲಿ ಪಮ್ಮಿ ಎಂಬ ಹುಡುಗಿ ತನ್ನ ಗೆಳತಿಗೆ, "ಸದ್ಯ, ನಮ್ಮ ಮನ್ಯಾಗ ಹೆಬ್ಬೆಟ್ಟು ಯಾರೂ ಇಲ್ಲವಾ" ಎಂದು ನಕ್ಕಳು. ಸುಗಂಧಾಳನ್ನು ನೋಯಿಸಬೇಕೆಂದು ಅಂದದ್ದಲ್ಲ. ಹುಡುಗಾಟಿಕೆಯ ಮಾತು. ಆದರೆ ಸುಗಂಧಾಳ ಕಿವಿ ಕೆಂಪಾಯಿತು.

"ಇವರು ನಿಮ್ಮ ತಾಯಿ ಏನು?" ಎಂದರು ಮೇಡಂ.

"ಅಲ್ರಿ," ಎಂದಳು ಸುಗಂಧಾ. "ನಮ್ಮೂರಾಕಿ ರೀ. ಸುಮ್ನ ಜೋಡಿ ಬಂದಾಳ. ನಂದೊಬ್ಬಾಕಿದ ಸಾಕ್ರಿ."

ದುಂಡವ್ವನ ಹೆಬ್ಬೆರಳು ಕೌಂಟರಿನ ಮೇಲೆ ಹಾಗೇ ನಿಂತಿತ್ತು. ಮಸಿ ಹಸಿಯಾಗಿತ್ತು, ಒತ್ತಲು ಕಾಗದವಿರಲಿಲ್ಲ. ಮೇಡಂ ಅವಳ ಮುಖ ನೋಡಿದರು. ಅವಳು "ಹೌದ್ರಿ" ಎಂದಳು, ಅಷ್ಟೇ. ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಸೆರಗಿನೊಳಗೆ ಕೈ ತೂರಿಸಿ, ಕಿವಿಯ ಹಿಂದಿನ ಕೂದಲಿಗೆ ಒರೆಸಿಕೊಂಡಳು. ಫೋಟೊವನ್ನು ಮತ್ತೆ ಎಲೆಅಡಿಕೆಯ ಚೀಲಕ್ಕೆ ಹಾಕಿಕೊಂಡು ಬೆಂಚಿಗೆ ಹೋಗಿ ಕೂತಳು.

ಎಷ್ಟೋ ಜನ ನನ್ನನ್ನು ಒರೆಸಿ ಹೋಗಿದ್ದಾರೆ. ಆದರೆ ಯಾವ ಕಾಗದಕ್ಕೂ ತಲುಪದೆ ಒರೆಸಿಹೋದ ಮಸಿ ಅದೊಂದೇ. ಕಾರ್ಡು ಬೇಕೆನ್ನುವುದು ತಪ್ಪಲ್ಲ. ಓದುವ ಹುಡುಗಿಗೆ ಅದು ಬೇಕೇ ಬೇಕು. ಅವ್ವನನ್ನು ಅವ್ವ ಎಂದೇ ಕರೆದು, ‘ಒಬ್ಬಾಕಿದ ಸಾಕು’ ಎಂದಿದ್ದರೆ ದುಂಡವ್ವ ನಕ್ಕು ಎದ್ದುಹೋಗುತ್ತಿದ್ದಳು. ನನ್ನ ಮಸಿ ಆ ಬೆರಳಿಗೆ ಹತ್ತದಿದ್ದರೆ ಆ ಮಾತೇ ಹುಟ್ಟುತ್ತಿರಲಿಲ್ಲವಲ್ಲ ಎಂದು ನಾನು ನನ್ನೊಳಗೇ ಕುಗ್ಗಿಹೋದೆ.

ಸುಗಂಧಾಳ ಕಾರ್ಡು ಬಂತು. ಅವಳ ಹೆಸರು ಉಬ್ಬಕ್ಷರದಲ್ಲಿ ಹೊಳೆಯುತ್ತಿತ್ತು. ತೆಗೆದುಕೊಂಡು ಹೋದವಳು ಬಹಳ ದಿನ ಈ ಕಡೆ ಸುಳಿಯಲಿಲ್ಲ. ಸುಳಿದಾಗಲೂ ನಾನಿರುವ ಮೂಲೆಯತ್ತ ನೋಡುತ್ತಿರಲಿಲ್ಲ. ಅವಳಿಗೆ ಏನೂ ಅನಿಸಲಿಲ್ಲವೇನೋ ಎಂದುಕೊಳ್ಳುತ್ತಿದ್ದೆ. ಅದು ನನ್ನ ತಿಳಿಗೇಡಿತನ. ಏನೂ ಅನಿಸದವರು ಒಂದು ಮೂಲೆಯನ್ನು ಅಷ್ಟು ಜತನದಿಂದ ತಪ್ಪಿಸಿ ನಡೆಯುವುದಿಲ್ಲ.

ಅವಳು ಕೊನೆಯ ವರ್ಷದಲ್ಲಿದ್ದಾಗ ಹಾಸ್ಟೆಲಿನ ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮಗಳನ್ನು ನೋಡಿಕೊಳ್ಳಲು ದುಂಡವ್ವ ಊರಿನಿಂದ ಬಂದಳು. ಅವಳ ಕಾರ್ಡು ಆಗಲೇ ಸೀಳು ಬಿಟ್ಟಿತ್ತು, ಎಟಿಎಂ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಆಸ್ಪತ್ರೆಯ ಖರ್ಚಿಗೆ ದುಡ್ಡು ಬೇಕೆಂದು ಇಬ್ಬರೂ ಬ್ಯಾಂಕಿಗೆ ಬಂದರು. ಸಾಲು ಉದ್ದವಿತ್ತು. ಸಹಾಯಕ್ಕೆಂದು ಅದೇ ಪಮ್ಮಿ ಜೊತೆಗೆ ಬಂದಿದ್ದಳು.

"ಸಹಿ ಮಾಡು" ಎಂದರು ಹುದ್ದಾರ ಮೇಡಂ. ಸುಗಂಧಾ ಬೆರಳ ತುದಿಯವರೆಗೂ ಪ್ಲಾಸ್ಟರ್ ಹಾಕಿದ ಕೈ ಎತ್ತಿ ತೋರಿಸಿದಳು.

"ಅಯ್ಯ, ಹಂಗಾರ ಎಡಗೈ ಹೆಬ್ಬೆಟ್ಟು ಒತ್ತು."

ಅವಳು ಒಮ್ಮೆ ಹಿಂದೆ ನೋಡಿದಳು. ಆಮೇಲೆ ಬೆರಳನ್ನು ನನ್ನ ಮೇಲೆ ಇಟ್ಟಳು. ಗೆರೆಗಳೆಲ್ಲ ಹಸನಾಗಿದ್ದ, ಪೆನ್ನು ಹಿಡಿದು ಬೆಳೆದ ಕೂಸಿನ ಬೆರಳು. ಕಾಗದದ ಮೇಲೆ ಗುರುತು ಚೆನ್ನಾಗಿ ಮೂಡಿತು. ಒತ್ತಿ ಎತ್ತಿದವಳು ಆ ನೇರಳೆ ಬೆರಳನ್ನು ಎಲ್ಲಿ ಬಚ್ಚಿಡಲಿ ಎಂದು ತಿಳಿಯದೆ ಗಾಳಿಯಲ್ಲೇ ಹಿಡಿದು, ತಲೆ ತಗ್ಗಿಸಿ ನಿಂತಳು. ಇನ್ನೊಂದು ಕೈಯಿಂದ ಒರೆಸಿಕೊಳ್ಳೋಣವೆಂದರೆ ಆ ಕೈ ಪ್ಲಾಸ್ಟರಿನಲ್ಲಿತ್ತು.

"ಹೆಬ್ಬೆಟ್ಟು ಒತ್ತಿದ್ರ ಗುರುತು ಹೇಳೋರು ಬೇಕಾಗ್ತದ," ಎಂದ ಮೇಡಂ ದುಂಡವ್ವನ ಕಡೆ ನೋಡಿದರು. "ನೀವು ಈಕಿಗೆ ಏನಾಗಬೇಕ್ರಿ?"

ದುಂಡವ್ವ ಮಗಳನ್ನು ನೋಡಿದಳು. ಸಾಲಿನಲ್ಲಿದ್ದ ಹುಡುಗಿಯರನ್ನು ನೋಡಿದಳು. ಪಮ್ಮಿಯನ್ನು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನಾ ಏನೂ ಆಗಂಗಿಲ್ರಿ. ಅವರೂರಾಕಿ. ಸುಮ್ನ ಜೋಡಿ ಬಂದೇನಿ."

ಆ ಮಾತಿನಲ್ಲಿ ಕುಟುಕು ಇರಲಿಲ್ಲ, ಸಿಟ್ಟಿರಲಿಲ್ಲ. ಮಗಳು ಒಂದು ಸಲ ಹೇಳಿದ್ದನ್ನು ಇಷ್ಟು ದಿನ ಜೋಪಾನವಾಗಿ ಇಟ್ಟುಕೊಂಡಿದ್ದಳು. ನಾಲ್ಕು ಜನರ ಮುಂದೆ ಮಗಳ ಮಾತು ಸುಳ್ಳಾಗಬಾರದೆಂದು ಅದನ್ನೇ ತೆಗೆದು ಕೊಟ್ಟಳು. ಮೇಡಂಗೆ ಆ ಹಳೆಯ ದಿನದ ನೆನಪಿರಲಿಲ್ಲ. ಮರೆಯದೆ ಇದ್ದವರು ತಾಯಿ, ಮಗಳು ಮತ್ತು ನಾನು.

ಸುಗಂಧಾ ಒಮ್ಮೆಲೇ ಅತ್ತಳು. ಹನಿಗಳು ನನ್ನ ಮೇಲೂ ಬಿದ್ದವು. "ಯವ್ವಾ, ಹಂಗನಬ್ಯಾಡ ಬೇ... ಮೇಡಂ, ನಮ್ಮವ್ವ ರೀ ಈಕಿ. ಹಡದಾಕಿ. ಅವತ್ತೂ ನಮ್ಮವ್ವನ ಇದ್ಳು. ನಾನ ಸುಳ್ಳ ಹೇಳಿದ್ದೆ."

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಪಮ್ಮಿ ಮುಂದೆ ಬಂದು, "ಇಬ್ಬರೂ ನನಗ ಗೊತ್ತ್ರಿ, ನಾ ಸಹಿ ಮಾಡ್ತೀನಿ" ಎಂದು ಪೆನ್ನು ತೆಗೆದಳು. ಅವಳ ಮುಖವೂ ಕೆಳಗಿತ್ತು.

"ಖಾತೆ ಜಂಟಿ ಮಾಡ್ರಿ ಮೇಡಂ," ಎಂದಳು ಸುಗಂಧಾ. "ನನ್ನ ಹೆಸರಿನ ಬಾಜೂಕ ನಮ್ಮವ್ವನ ಹೆಸರು ಹಾಕ್ರಿ."

"ಕಾರ್ಡ್ ಬರಂಗಿಲ್ಲ ನೋಡು ಮತ್ತ."

"ಬ್ಯಾಡ್ರಿ."

ದುಂಡವ್ವ "ಬ್ಯಾಡ ಯವ್ವಾ, ನಿನಗ ತ್ರಾಸ ಆಗ್ತೈತಿ" ಎನ್ನುತ್ತಲೇ ಎಲೆಅಡಿಕೆಯ ಚೀಲ ಬಿಚ್ಚಿದಳು. ಅದರೊಳಗೆ ಅದೇ ಫೋಟೊ ಇತ್ತು, ಅಂಚೆಲ್ಲ ಸುಣ್ಣ ಹತ್ತಿ. ಈ ಸಲ ಅವಳು ಆತುರಪಡಲಿಲ್ಲ. ಮೇಡಂ ಕಾಗದ ಇಟ್ಟು, ಜಾಗ ತೋರಿಸಿ, ಒತ್ತಿ ಎಂದ ಮೇಲೆ ಒತ್ತಿದಳು. ಕಾಗದದ ಮೇಲೆ ನೇರಳೆ ಮಚ್ಚೆಯೊಂದು ಮೂಡಿತು, ಒಳಗೆ ಏನೂ ಇರಲಿಲ್ಲ.

"ಗೆರಿನ ಮೂಡವಲ್ವಲ್ಲ ಯವ್ವಾ" ಎಂದರು ಮೇಡಂ.

"ಗೆರಿ ಎಲ್ಲಾ ರೊಟ್ಟಿ ತಿಂದಾವ್ರಿ" ಎಂದು ದುಂಡವ್ವ ನಕ್ಕಳು. ಅವಳು ಅಲ್ಲಿ ನಕ್ಕದ್ದು ಅದೇ ಮೊದಲು. ಮೇಡಂ ಆ ಮಚ್ಚೆಯ ಪಕ್ಕ ಅವಳ ಹೆಸರು ಬರೆದು ಕಾಗದವನ್ನು ಒಳಗಿಟ್ಟರು.

ಮಗಳ ಬೆರಳಿನ ಮಸಿ ಇನ್ನೂ ಹಾಗೇ ಇತ್ತು. ದುಂಡವ್ವ ಆ ಬೆರಳನ್ನು ಹಿಡಿದುಕೊಂಡು, ಸೆರಗು ಸರಿಸಿ, ತನ್ನ ಕಿವಿಯ ಹಿಂದಿನ ಕೂದಲಿಗೆ ಒರೆಸಿದಳು. ಚಿಕ್ಕಂದಿನಲ್ಲಿ ಮೂಗು ಒರೆಸಿದಷ್ಟೇ ಸಲೀಸಾಗಿ. ಸುಗಂಧಾ ಬೆರಳನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಮುಚ್ಚಳದ ಕೀಲು ಸಡಿಲ, ಬಟ್ಟೆಗೆ ತೂತು. ಕೌಂಟರಿಗೆ ಬೆರಳಿನ ಗುರುತು ಹಿಡಿಯುವ ಯಂತ್ರ ಬಂದಿದೆ. ಅದಕ್ಕೆ ಮಸಿ ಬೇಡ, ಹಾಗಾಗಿ ಕಂಬಕ್ಕೂ ಸುಣ್ಣ ಹಚ್ಚಿದ್ದಾರೆ. ನಾನು ಡ್ರಾಯರಿನ ಮೂಲೆಯಲ್ಲಿ ತುಕ್ಕು ಹಿಡಿದ ಗುಂಡುಸೂಜಿಗಳ ಜೊತೆ ಮಲಗಿರುತ್ತೇನೆ. ಬೈಗುಳವೊಂದನ್ನು ಹುಟ್ಟಿಸಿದ ನಾಚಿಕೆ ಇನ್ನೂ ನನ್ನಿಂದ ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲವೇನೋ.

ಆದರೆ ಆ ಯಂತ್ರ ದುಂಡವ್ವನ ಬೆರಳು ಕಂಡರೆ ಕೆಂಪು ದೀಪ ಹತ್ತಿಸಿ ಸುಮ್ಮನಾಗುತ್ತದೆ. ಸವೆದ ಗೆರೆ ಅದಕ್ಕೆ ಕಾಣುವುದಿಲ್ಲ. ಆಗ ಹುದ್ದಾರ ಮೇಡಂ ಗೊಣಗುತ್ತ ಡ್ರಾಯರು ಎಳೆದು, ನನ್ನ ಮೇಲೆ ಎರಡು ಹನಿ ನೀರು ಹಾಕುತ್ತಾರೆ. ಸುಗಂಧಾಳ ಕೈ ವಾಸಿಯಾಗಿದೆ. ಅವಳು ಈಗ ಇಲ್ಲೇ ಎಂ.ಎ. ಓದುತ್ತಿದ್ದಾಳೆ. ಮೊದಲು ಅವಳು ಚೆಂದದ ಸಹಿ ಮಾಡುತ್ತಾಳೆ, ಆಮೇಲೆ ಅವ್ವ ಒತ್ತುತ್ತಾಳೆ. ಒತ್ತಿ ಮುಗಿಸಿ ಬೆರಳು ಎತ್ತುವಷ್ಟರಲ್ಲಿ ಮಗಳು ಅವಳ ಮುಂದೆ ತಲೆ ಬಗ್ಗಿಸಿ, ಜಡೆ ಸರಿಸಿ, ಕಿವಿಯ ಹಿಂದಿನ ಕೂದಲನ್ನು ಒಡ್ಡಿರುತ್ತಾಳೆ.